ಕ್ರೇನ್ ಹತ್ತಿರ ಬಾರದ ಕಾರ್ಖಾನೆಯಲ್ಲಿ ಚಾವಣಿಯ ಭಾರಿ ಯಂತ್ರ ಬದಲಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಚಿಲ್ಲರ್ (ನೀರು ತಂಪು ಮಾಡುವ ಯಂತ್ರ), ಕೂಲಿಂಗ್ ಟವರ್ (ಬಿಸಿ ನೀರನ್ನು ಗಾಳಿಯಲ್ಲಿ ಸುರಿಸಿ ಆರಿಸುವ ಗೋಪುರ), ದೊಡ್ಡ ಏಸಿ, ಧೂಳು ಹೀರುವ ಯಂತ್ರ, ಆಳೆತ್ತರದ ಎಕ್ಸಾಸ್ಟ್ ಫ್ಯಾನ್. ಕಾರ್ಖಾನೆ ಕಟ್ಟುವಾಗ ಇವನ್ನೆಲ್ಲ ಸಲೀಸಾಗಿ ಮೇಲೆ ಕೂರಿಸಿರುತ್ತಾರೆ. ಆಗ ಸುತ್ತ ಬರೀ ಬಯಲು. ಹದಿನೈದು ಇಪ್ಪತ್ತು ವರ್ಷ ಕಳೆದು ಬದಲಿಸುವ ಹೊತ್ತಿಗೆ ಅದೇ ಬಯಲಲ್ಲಿ ಗೋದಾಮು ಎದ್ದಿರುತ್ತದೆ, ಪೈಪುಗಳ ಸಾಲು ಹಾದಿರುತ್ತದೆ, ತಂತಿ ಎಳೆದಿರುತ್ತಾರೆ. ಈ ಕೆಲಸಕ್ಕೆ ಇಳಿದವರು ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ.

ಹೊಸ ಯಂತ್ರಕ್ಕೆ ಆರ್ಡರ್ ಹಾಕಿದ್ದೇವೆ. ಈಗ ಕ್ರೇನ್ ಬುಕ್ ಮಾಡೋಣವೇ?

ಬೇಡ. ಕ್ರೇನ್ ಕೊನೆಗೆ. ಮೊದಲು ತೂಕ, ಆಮೇಲೆ ದಾರಿ, ಆಮೇಲೆ ಚಾವಣಿಯ ಶಕ್ತಿ. ಈ ಮೂರೂ ಗೊತ್ತಾದರೆ ಯಾವ ಕ್ರೇನ್ ಬೇಕು, ಕ್ರೇನ್ ಬೇಕೇ ಬೇಕಾ ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ನಿಜ ಹೇಳಬೇಕೆಂದರೆ ಆರ್ಡರ್ ಹಾಕುವ ಮೊದಲೇ ಈ ಪ್ರಶ್ನೆ ಕೇಳಬೇಕಿತ್ತು. ಇಡಿಯಾಗಿ ಬರುವ ಯಂತ್ರ ತರಿಸಬೇಕೋ, ನಾಲ್ಕು ಭಾಗವಾಗಿ ಬಂದು ಮೇಲೆ ಜೋಡಿಸುವಂಥದ್ದನ್ನು ತರಿಸಬೇಕೋ ಅನ್ನುವುದು ಮೇಲೆ ಹೋಗುವ ದಾರಿಯನ್ನು ನೋಡಿ ತೀರ್ಮಾನವಾಗಬೇಕು. ಲಾರಿ ಗೇಟಿನ ಮುಂದೆ ನಿಂತ ಮೇಲೆ ಅದನ್ನು ಯೋಚಿಸಿ ಪ್ರಯೋಜನವಿಲ್ಲ.

ಇನ್ನೊಂದು ಮಾತು. ಎಲ್ಲರ ಕಣ್ಣೂ ಹೊಸ ಯಂತ್ರದ ಮೇಲೆಯೇ ಇರುತ್ತದೆ. ಕಷ್ಟ ಇರುವುದು ಹಳೆಯದರಲ್ಲಿ. ಹೊಸದರ ತೂಕ ಗೊತ್ತು, ಕೊಕ್ಕೆ ಹಾಕುವ ಜಾಗ ಗೊತ್ತು, ಡ್ರಾಯಿಂಗ್ ಕೈಯಲ್ಲಿದೆ. ಹಳೆಯದರ ವಿಷಯದಲ್ಲಿ ಇದ್ಯಾವುದನ್ನೂ ನಂಬುವ ಹಾಗಿಲ್ಲ.

ಹಳೆಯ ಯಂತ್ರದ ತೂಕ ನೇಮ್‌ಪ್ಲೇಟಿನಲ್ಲೇ ಇದೆಯಲ್ಲ?

ಅದು ತಯಾರಕರ ಕೈಯಿಂದ ಹೊರಟ ದಿನದ ತೂಕ. ಈಗಿನದಲ್ಲ. ಎಷ್ಟೋ ಸಲ ಅದು ಒಣ ತೂಕ, ಅಂದರೆ ನೀರು, ಎಣ್ಣೆ, ಗ್ಯಾಸ್ ಯಾವುದೂ ಇಲ್ಲದ್ದು.

ಕೂಲಿಂಗ್ ಟವರನ್ನೇ ತೆಗೆದುಕೊಳ್ಳಿ. ಅದರ ತಳದ ತೊಟ್ಟಿ 3 ಮೀಟರ್ ಉದ್ದ, 3 ಮೀಟರ್ ಅಗಲ, ಒಂದಡಿ ನೀರು ಅಂದುಕೊಳ್ಳಿ. ಅಷ್ಟಕ್ಕೇ 2.7 ಟನ್ ಆಯಿತು. ನೀರು ಖಾಲಿ ಮಾಡಿದಿರಿ ಅನ್ನೋಣ. ತಳದಲ್ಲಿ ನಾಲ್ಕು ಬೆರಳು ಕೆಸರು ಕೂತಿದ್ದರೆ ಅರ್ಧ ಟನ್ನಿಗೂ ಜಾಸ್ತಿ. ಒಳಗಿನ ಪಿವಿಸಿ ಹಾಳೆಗಳಿಗೆ ಸುಣ್ಣ ಗಟ್ಟಿಯಾಗಿ ಹತ್ತಿರುತ್ತದೆ. ಅದು ಎಷ್ಟಿದೆ ಎಂದು ಹೊರಗೆ ನಿಂತು ಹೇಳಲಾಗದು. ಏಸಿ ಘಟಕವಾದರೆ ನೀರು ಕುಡಿದು ಊದಿಕೊಂಡ ಇನ್ಸುಲೇಷನ್, ವರ್ಷ ವರ್ಷವೂ ಯಾರೋ ಬೆಸೆದು ಸೇರಿಸಿದ ಕಬ್ಬಿಣ, ಕಿತ್ತುಹಾಕಲು ಮರೆತ ಡಕ್ಟ್ (ಗಾಳಿ ಕೊಳವೆ) ತುಂಡು.

ಇದಕ್ಕಿಂತ ದೊಡ್ಡ ಅಪಾಯ ಬಿಡಿಸದೆ ಉಳಿದ ಬೋಲ್ಟ್. ನಾನು ಕಂಡ ಒಂದು ಕೆಲಸದಲ್ಲಿ ಆರು ಬೋಲ್ಟ್ ಕತ್ತರಿಸಿದ್ದರು, ಏಳನೆಯದು ಡಾಂಬರಿನ ಪದರದ ಕೆಳಗೆ ಮುಚ್ಚಿಹೋಗಿತ್ತು. ಕ್ರೇನ್ ಎಳೆಯಿತು, ಯಂತ್ರ ಏಳಲಿಲ್ಲ, ತೂಕದ ಮೀಟರ್ ಮಾತ್ರ ಏರುತ್ತಲೇ ಹೋಯಿತು. ಆಪರೇಟರ್ ಚುರುಕಾಗಿದ್ದರು, ನಿಲ್ಲಿಸಿದರು. ಇನ್ನೂ ಎಳೆದು ಆ ಬೋಲ್ಟ್ ಕಡಿದುಹೋಗಿದ್ದರೆ? ಇಡೀ ಯಂತ್ರ ಸ್ಪ್ರಿಂಗಿನಂತೆ ಮೇಲಕ್ಕೆ ಚಿಮ್ಮಿ ತೂಗಾಡುತ್ತಿತ್ತು. ಅದಕ್ಕೇ ಹಳೆಯದನ್ನು ಮೊದಲು ಜಾಕ್ ಹಾಕಿ ನಾಲ್ಕೂ ಮೂಲೆಯಲ್ಲಿ ಒಂದೆರಡು ಸೆಂಟಿಮೀಟರ್ ಎತ್ತಿ ನೋಡುವುದು. ಎಲ್ಲ ಕಡೆ ಎದ್ದಿತೋ, ಬಿಡುಗಡೆಯಾಗಿದೆ ಎಂದರ್ಥ. ಜಾಕಿನ ಕೆಳಗೆ ಲೋಡ್ ಸೆಲ್ (ಭಾರ ಅಳೆಯುವ ಸಾಧನ) ಇಟ್ಟರೆ ನಿಜವಾದ ತೂಕವೂ, ಯಾವ ಮೂಲೆ ಭಾರ ಅನ್ನುವುದೂ ಒಟ್ಟಿಗೇ ಸಿಗುತ್ತದೆ.

ಯಂತ್ರ ಬರೀ 4 ಟನ್. 100 ಟನ್ ಕ್ರೇನ್ ಬೇಕು ಅನ್ನುತ್ತಾರಲ್ಲ, ದುಡ್ಡು ಕೀಳಲಿಕ್ಕಾ?

ಅನುಮಾನ ಸಹಜ. ಆದರೆ 100 ಟನ್ ಅನ್ನುವುದು ಕ್ರೇನ್ ತನ್ನ ಪಕ್ಕದಲ್ಲೇ, ಸುಮಾರು 3 ಮೀಟರ್ ದೂರದಲ್ಲಿ, ಬೂಮನ್ನು, ಅಂದರೆ ಚಾಚುವ ತೋಳನ್ನು, ಮೋಟಾಗಿ ಇಟ್ಟುಕೊಂಡು ಎತ್ತುವ ತೂಕ. ಕೈಯನ್ನು ಮೈಗೆ ಒತ್ತಿಕೊಂಡು ಬಿಂದಿಗೆ ಹಿಡಿಯುವುದಕ್ಕೂ ಕೈ ಚಾಚಿ ಹಿಡಿಯುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲೂ. ಅದೇ ಕ್ರೇನ್ 40 ಮೀಟರ್ ದೂರಕ್ಕೆ ಚಾಚಿದರೆ ಕೆಲವೇ ಟನ್ನಿಗೆ ಇಳಿದುಬಿಡುತ್ತದೆ. ಕಟ್ಟಡ ಅಗಲವಾಗಿದ್ದು ಯಂತ್ರ ನಡುಮಧ್ಯೆ ಕೂತಿದ್ದರೆ 40 ಮೀಟರ್ ಏನೂ ಜಾಸ್ತಿಯಲ್ಲ.

ಆ ಕೆಲವೇ ಟನ್ನಿನಲ್ಲೂ ಕೊಕ್ಕೆ, ಬೆಲ್ಟ್, ಶ್ಯಾಕಲ್ (ಬೆಲ್ಟ್ ಸೇರಿಸುವ ಕಬ್ಬಿಣದ ಕೊಂಡಿ), ಸ್ಪ್ರೆಡರ್ ಬೀಮ್ (ಬೆಲ್ಟುಗಳನ್ನು ಅಗಲವಾಗಿ ಹಿಡಿಯುವ ಅಡ್ಡತೊಲೆ) ಇವುಗಳ ತೂಕ ಕಳೆಯಬೇಕು. ಸೇರಿಸಿದರೆ ಅದೇ ಒಂದು ಟನ್ ಆಗುವುದುಂಟು. ಆಮೇಲೂ ಸ್ವಲ್ಪ ಉಳಿಸಿಕೊಳ್ಳಬೇಕು. ಆ ದೂರದಲ್ಲಿ ಕ್ರೇನಿಗೆ ಇರುವ ಶಕ್ತಿಯ ಶೇ. 75 ದಾಟಿತೆಂದರೆ ಬಹಳ ಕಡೆ ಅದನ್ನು ಗಂಡಾಂತರದ ಲಿಫ್ಟ್ (ಎತ್ತುವ ಕೆಲಸ) ಎಂದೇ ಲೆಕ್ಕಕ್ಕೆ ತೆಗೆದುಕೊಂಡು ಬೇರೆ ಪ್ಲಾನ್, ಬೇರೆ ಸಹಿ ಕೇಳುತ್ತಾರೆ. ಕ್ರೇನ್ ಕಂಪನಿಯವರು ಬಂದಾಗ ಅವರ ಲೋಡ್ ಚಾರ್ಟ್ ತೋರಿಸಿ ಎಂದು ಕೇಳಿ. ನಿಮ್ಮ ದೂರಕ್ಕೆ ಎಷ್ಟು ಅನ್ನುವ ಒಂದು ಅಂಕೆ ಸಾಕು, ಅನುಮಾನ ತೀರುತ್ತದೆ.

ಅಂಗಳ ಕಾಂಕ್ರೀಟ್ ಹಾಕಿದ್ದು. ಕ್ರೇನ್ ನಿಲ್ಲಿಸಬಹುದಲ್ಲ?

ಮೇಲೆ ಕಾಂಕ್ರೀಟ್ ಇದೆ, ಸರಿ. ಕೆಳಗೆ ಏನಿದೆ? ಚರಂಡಿ, ನೀರಿನ ಸಂಪು, ಸೆಪ್ಟಿಕ್ ಟ್ಯಾಂಕ್, ಕೇಬಲ್ ಕಾಲುವೆ, ಮಣ್ಣು ಸರಿಯಾಗಿ ತುಂಬದ ಹಳೆಯ ಗುಂಡಿ. ಕ್ರೇನ್ ಉರುಳಿದ್ದಕ್ಕೆ ಅದರ ಶಕ್ತಿ ಸಾಲದ್ದು ಮಾತ್ರವಲ್ಲ, ಕಾಲಿನ ಕೆಳಗಿನ ನೆಲ ಕುಸಿದದ್ದೂ ಕಾರಣವಾಗಿರುತ್ತದೆ.

ಬೂಮ್ ಯಾವ ಮೂಲೆಯ ಕಡೆ ತಿರುಗುತ್ತದೋ ಆ ಮೂಲೆಯ ಔಟ್‌ರಿಗರ್ ಕಾಲಿಗೇ (ಕ್ರೇನ್ ಉರುಳದಂತೆ ಹೊರಗೆ ಚಾಚುವ ಊರುಗಾಲು) ಭಾರದ ಬಹುಪಾಲು ಬೀಳುತ್ತದೆ. ಕ್ರೇನು, ಅದರ ಎದುರುತೂಕ, ಎತ್ತಿದ ಯಂತ್ರ ಎಲ್ಲ ಸೇರಿ 60 ಟನ್ ಅಂದರೆ ಒಂದೇ ಕಾಲಿಗೆ 45 ಟನ್ ಬಂದರೂ ಆಶ್ಚರ್ಯವಿಲ್ಲ. ಆ ಕಾಲಿನ ಪಾದ 60 ಸೆಂ.ಮೀ. ಚೌಕವಾದರೆ ನೆಲದ ಮೇಲೆ ಚದರ ಮೀಟರಿಗೆ 125 ಟನ್. ಅದರಡಿ 2 ಮೀಟರ್ ಚೌಕದ, ಬಾಗದಷ್ಟು ದಪ್ಪದ ಹಾಸು ಹಾಕಿದರೆ ಅದೇ ಒತ್ತಡ 11 ಟನ್ನಿಗೆ ಇಳಿಯುತ್ತದೆ. ಹಲಗೆ ತುಂಡು ಇಟ್ಟು ಕಣ್ಣು ಮುಚ್ಚಿಕೊಳ್ಳುವವರನ್ನು ಕಂಡರೆ ಕೆಲಸ ನಿಲ್ಲಿಸಿ.

ತಲೆಯ ಮೇಲಿನ ವಿದ್ಯುತ್ ತಂತಿಯದು ಬೇರೆ ಕಥೆ. ತಗುಲಬೇಕಂತಿಲ್ಲ, ಹತ್ತಿರ ಹೋದರೂ ವಿದ್ಯುತ್ ಹಾರುತ್ತದೆ. ಎಷ್ಟು ಅಂತರ ಅನ್ನುವುದಕ್ಕೆ ಆಯಾ ಕಡೆಯ ನಿಯಮವಿದೆ. ನನ್ನ ಮಟ್ಟಿಗೆ ಉತ್ತರ ಒಂದೇ: ಬೂಮ್ ಚಾಚಿ ಮುಟ್ಟಬಹುದಾದ ತಂತಿ ಇದ್ದರೆ ಲೈನ್ ಆಫ್ ಮಾಡಿಸಿ, ಬರವಣಿಗೆಯಲ್ಲಿ ಖಾತ್ರಿ ತೆಗೆದುಕೊಳ್ಳಿ.

ಕ್ರೇನ್ ಒಳಗೆ ಬರುವುದೇ ಇಲ್ಲ. ಆಗ?

ಆಗಲೇ ಕೆಲಸ ಸ್ವಾರಸ್ಯವಾಗುವುದು.

ಮೊದಲ ದಾರಿ, ಬಿಡಿಸುವುದು. ಹಳೆಯದನ್ನು ಹೇಗೂ ಗುಜರಿಗೆ ಹಾಕುತ್ತೀರಿ, ಇಡಿಯಾಗಿ ಇಳಿಸಬೇಕೆಂಬ ಹಟ ಯಾಕೆ? ಚಾವಣಿಯ ಮೇಲೆಯೇ ತುಂಡು ಮಾಡಿ ಸರಕು ಲಿಫ್ಟಿನಲ್ಲೋ ಮೆಟ್ಟಿಲಿನಲ್ಲೋ ಇಳಿಸಬಹುದು. ದಿನ ಜಾಸ್ತಿ ಹಿಡಿಯುತ್ತದೆ, ಅಪಾಯ ಕಡಿಮೆಯಾಗುತ್ತದೆ. ಹೊಸದೂ ಸಣ್ಣ ಸಣ್ಣ ಘಟಕಗಳಾಗಿ ಬಂದರೆ ಒಂದು ದೊಡ್ಡ ಚಿಲ್ಲರಿನ ಬದಲು ನಾಲ್ಕು ಚಿಕ್ಕವು ಸಾಲಾಗಿ ಕೂರುತ್ತವೆ. ಒಂದು ಕೆಟ್ಟರೂ ಮೂರು ಓಡುತ್ತವೆ, ಅದೊಂದು ಲಾಭ. ನನಗೆ ಅತಿ ಇಷ್ಟದ ದಾರಿ ಇದೇ.

ಎರಡನೆಯದು ಸ್ಪೈಡರ್ ಕ್ರೇನ್. ಜೇಡದ ಹಾಗೆ ನಾಲ್ಕು ಕಾಲು ಚಾಚಿ ನಿಲ್ಲುವ ಪುಟ್ಟ ಕ್ರೇನ್. ಮಡಚಿದಾಗ 60 ಸೆಂ.ಮೀ. ಅಗಲದ್ದೂ ಇವೆ, ಮಾಮೂಲಿ ಬಾಗಿಲಿನಲ್ಲಿ ನುಗ್ಗುತ್ತವೆ. ಆದರೆ ಅಂಥ ಚಿಕ್ಕದಕ್ಕೂ ತನ್ನದೇ ಸುಮಾರು ಒಂದು ಟನ್ ತೂಕವಿದೆ. ಅದನ್ನು ಚಾವಣಿ ತಡೆಯುತ್ತದಾ ಅನ್ನುವುದನ್ನೂ ಲೆಕ್ಕ ಹಾಕಬೇಕು.

ಮೂರನೆಯದು ಎತ್ತುವುದನ್ನು ಒಂದು ಕಡೆ, ಸಾಗಿಸುವುದನ್ನು ಇನ್ನೊಂದು ಕಡೆ ಮಾಡುವುದು. ಕಟ್ಟಡದ ಒಂದೇ ಒಂದು ಮೂಲೆಗೆ ಕ್ರೇನ್ ಬರುತ್ತದೆ ಅನ್ನೋಣ. ಅಲ್ಲಿಗೆ ಎತ್ತಿಟ್ಟು, ಕಂಬಗಳ ನೆತ್ತಿಯಿಂದ ನೆತ್ತಿಗೆ ಉಕ್ಕಿನ ತೊಲೆ ಹಾಸಿ, ಅದರ ಮೇಲೆ ಸ್ಕೇಟಿನ ಗಾಲಿಯಲ್ಲಿ ಯಂತ್ರವನ್ನು ಮೆಲ್ಲಗೆ ಎಳೆಯುತ್ತಾರೆ. ಕೈ ವಿಂಚ್ ಸಾಕು. ಇಳಿಜಾರಿದ್ದರೆ ಹಿಂದೆ ಹಿಡಿದುಕೊಳ್ಳಲು ಇನ್ನೊಂದು ವಿಂಚ್ ಬೇಕೇ ಬೇಕು. ಗಂಟೆಗೆ ಹತ್ತು ಮೀಟರ್ ಸಾಗಿದರೂ ಬೇಸರ ಬೇಡ.

ಹೆಲಿಕಾಪ್ಟರ್?

ಆಗುತ್ತದೆ, ಕೆಲವು ದೇಶಗಳಲ್ಲಿ ಇದು ಮಾಮೂಲಿ ಕೆಲಸವೇ. ಆದರೆ ತೂಕದ ಮಿತಿ ತಿಳಿದಿರಲಿ. ಏರ್‌ಬಸ್ ಎಚ್125 ನೇತುಹಾಕಿ ಒಯ್ಯುವುದು ಹೆಚ್ಚೆಂದರೆ 1.4 ಟನ್. ಇಂಥ ಕೆಲಸಕ್ಕೆಂದೇ ಮಾಡಿದ ಕಮಾನ್ ಕೆ-ಮ್ಯಾಕ್ಸ್ ಸುಮಾರು 2.7 ಟನ್. ಸಿಕೋರ್ಸ್ಕಿ ಎಸ್-64 ಸ್ಕೈಕ್ರೇನ್ 9 ಟನ್ ಎತ್ತುತ್ತದೆ. ಇವೆಲ್ಲ ಒಳ್ಳೆಯ ಸ್ಥಿತಿಯ ಅಂಕೆಗಳು. ಬಿಸಿಲು ಏರಿದರೆ, ಜಾಗ ಎತ್ತರದಲ್ಲಿದ್ದರೆ ಗಾಳಿ ತೆಳುವಾಗಿ ಶಕ್ತಿ ಇಳಿಯುತ್ತದೆ. ಅದಕ್ಕೇ ಬೆಳಗಿನ ಜಾವ ಮಾಡುವುದು.

ಹಾರುವ ದಾರಿಯ ಕೆಳಗೆ ಯಾರೂ ಇರಬಾರದು, ಕಟ್ಟಡದ ಮೇಲಿನ ಅಂತಸ್ತುಗಳೂ ಖಾಲಿಯಾಗಬೇಕು. ರೆಕ್ಕೆಯ ಗಾಳಿಗೆ ಚಾವಣಿಯ ಸಡಿಲ ಶೀಟು, ಜಲ್ಲಿ, ಥರ್ಮೋಕೋಲ್ ಎಲ್ಲ ಹಾರುತ್ತವೆ. ನೇತಾಡುವ ಭಾರದಲ್ಲಿ ಸ್ಥಾಯಿ ವಿದ್ಯುತ್ ಕೂಡಿರುತ್ತದೆ, ಅದನ್ನು ನೆಲಕ್ಕೆ ಇಳಿಸದೆ ಬರಿಗೈಯಲ್ಲಿ ಮುಟ್ಟಿದವರಿಗೆ ಹೊಡೆತ ಬೀಳುತ್ತದೆ. ಮೊದಲು ಹೇಳಿದ ಏಳನೆಯ ಬೋಲ್ಟ್ ನೆನಪಿದೆಯಲ್ಲ? ಅದು ಹೆಲಿಕಾಪ್ಟರಿಗೆ ಸಿಕ್ಕಿಕೊಂಡರೆ ಪೈಲಟ್ ಹಗ್ಗ ಬಿಟ್ಟುಬಿಡುತ್ತಾರೆ. ಬಿಡಲೇಬೇಕು.

ಹಳೆಯದನ್ನು ಇಪ್ಪತ್ತು ವರ್ಷ ಹೊತ್ತ ಚಾವಣಿ ಹೊಸದನ್ನು ಹೊರುವುದಿಲ್ಲವೇ?

ಹೊರಬಹುದು. ಆದರೆ ಹಳೆಯದನ್ನು ಹೊತ್ತದ್ದು ಇಡೀ ಚಾವಣಿಯಲ್ಲ, ಅದರ ಕೆಳಗಿನ ತೊಲೆ ಕಂಬಗಳು. ಯಂತ್ರ ಎರಡು ಮೀಟರ್ ಪಕ್ಕಕ್ಕೆ ಸರಿದರೂ ಲೆಕ್ಕ ಬೇರೆ. ಜನ ಓಡಾಡದ ಚಾವಣಿಗಳನ್ನು ಚದರ ಮೀಟರಿಗೆ 75 ಕೆ.ಜಿ.ಯಷ್ಟೇ ಭಾರಕ್ಕೆ ಲೆಕ್ಕ ಹಾಕಿ ಕಟ್ಟಿರುವುದುಂಟು. ಅಂದರೆ ಅಲ್ಲಿ ಒಬ್ಬ ಮನುಷ್ಯನ ಭಾರ, ಅಷ್ಟೇ.

ಎಡವುವುದು ಬದಲಿಸುವ ದಿನ. ಹಳೆಯದನ್ನು ಎತ್ತಿ "ಸ್ವಲ್ಪ ಹೊತ್ತು" ಪಕ್ಕದಲ್ಲಿಡುತ್ತಾರೆ, ಹೊಸದು ಬರುತ್ತದೆ. ಒಂದೇ ಅಂಕಣದ ಮೇಲೆ ಎರಡು ಯಂತ್ರ, ಹತ್ತು ಜನ, ಗ್ಯಾಸ್ ಸಿಲಿಂಡರು, ಜಾಕು. ಕಟ್ಟಿದವರು ಕನಸಲ್ಲೂ ಎಣಿಸದ ಭಾರ. ಹಾಗಾಗಿ ಹಳೆಯದು ಪೂರಾ ಕೆಳಗೆ ಹೋದ ಮೇಲೆಯೇ ಹೊಸದು ಮೇಲೆ. ಸ್ಟ್ರಕ್ಚರಲ್ ಎಂಜಿನಿಯರ್ ಬರೆದುಕೊಟ್ಟರೆ ಮಾತ್ರ ವಿನಾಯಿತಿ.

ಕಟ್ಟಡದ ಡ್ರಾಯಿಂಗ್ ಕಳೆದುಹೋಗಿದ್ದರೆ ಕಂಬಿಯ ಸ್ಕ್ಯಾನ್ ಮಾಡಿ, ಒಂದೆರಡು ಕಡೆ ಕಾಂಕ್ರೀಟ್ ಕೊರೆದು ಪರೀಕ್ಷೆ ಮಾಡಿಸಬೇಕು. ಕೆಳಗಿನಿಂದ ನೋಡಿದಾಗ ಕಂಬಿ ತುಕ್ಕು ಹಿಡಿದು ಪದರ ಉದುರಿರುವುದು ಕಂಡರೆ ಉಳಿದ ಪ್ರಶ್ನೆಗಳನ್ನು ಬದಿಗಿಟ್ಟು ಮೊದಲು ಅದನ್ನು ನೋಡಿ.

ಶೀಟ್ ಚಾವಣಿಯ ಮೇಲೆ ನಡೆಯಬಹುದೇ?

ಸಿಮೆಂಟ್ ಶೀಟು, ಬೆಳಕಿಗೆ ಹಾಕಿದ ಫೈಬರ್ ಶೀಟು ಇವುಗಳ ಮೇಲೆ ಕಾಲಿಡಲೇಬೇಡಿ. ಬಣ್ಣ ಬಳಿದರೆ, ಧೂಳು ಕೂತರೆ ಫೈಬರ್ ಶೀಟು ಯಾವುದು, ತಗಡು ಯಾವುದು ಗೊತ್ತೇ ಆಗುವುದಿಲ್ಲ. ಓಡಾಡಲು ಹಲಗೆ ಹಾದಿ, ಕೆಳಗೆ ಬಲೆ, ಬೆನ್ನಿಗೆ ಕಟ್ಟುಬೆಲ್ಟು. ಬೋಲ್ಟ್ ಸಾಲಿನ ಮೇಲೆ ನಡೆದರೆ ಏನೂ ಆಗಲ್ಲ ಅನ್ನುವುದು ಜಾಣತನವಲ್ಲ.

ಗಾಳಿ ಎಷ್ಟಿದ್ದರೆ ನಿಲ್ಲಿಸಬೇಕು?

ಕ್ರೇನಿನ ಪುಸ್ತಕದಲ್ಲಿ ಮಿತಿ ಬರೆದಿರುತ್ತದೆ. ಬಹಳ ಕ್ರೇನುಗಳಿಗೆ ಅದು ಗಂಟೆಗೆ 35 ಕಿ.ಮೀ. ಆಸುಪಾಸು. ಆದರೆ ಅಗಲವಾದ ತಗಡಿನ ಪೆಟ್ಟಿಗೆ ಎತ್ತುವಾಗ ಮಿತಿ ಅದಕ್ಕಿಂತ ಕೆಳಗೇ ಇರಬೇಕು. ಗಾಳಿಯ ವೇಗ ಎರಡು ಪಟ್ಟಾದರೆ ಅದರ ತಳ್ಳು ನಾಲ್ಕು ಪಟ್ಟು. 15 ಚದರ ಮೀಟರ್ ಮೈ ಇರುವ ಯಂತ್ರವನ್ನು 36 ಕಿ.ಮೀ. ವೇಗದ ಗಾಳಿ 100 ಕೆ.ಜಿ.ಗೂ ಹೆಚ್ಚು ಬಲದಲ್ಲಿ ತಳ್ಳುತ್ತದೆ. ಟ್ಯಾಗ್ ಹಗ್ಗ (ಭಾರ ತಿರುಗದಂತೆ ಹಿಡಿಯುವ ಹಗ್ಗ) ಹಿಡಿದ ಇಬ್ಬರು ಅದನ್ನು ತಡೆಯಲಾರರು. ನೆಲದಲ್ಲಿ ಎಲೆ ಅಲುಗದಿದ್ದರೂ ಬೂಮಿನ ತುದಿಯಲ್ಲಿ ಗಾಳಿ ಜೋರಾಗಿರಬಹುದು, ಮೀಟರ್ ಅಲ್ಲೇ ಇರಬೇಕು.

ಆಪರೇಟರಿಗೆ ಚಾವಣಿ ಕಾಣುವುದೇ ಇಲ್ಲ. ಹೇಗೆ?

ವಾಕಿಟಾಕಿಯಲ್ಲಿ ಒಬ್ಬರೇ ಒಬ್ಬರು ಹೇಳಬೇಕು. ಮೇಲೊಬ್ಬ ಕೆಳಗೊಬ್ಬ ಇದ್ದರೆ ಮಾತು ಎಲ್ಲಿ ಕೈ ಬದಲಾಗುತ್ತದೆ ಎಂದು ಮೊದಲೇ ತೀರ್ಮಾನವಾಗಿರಲಿ. "ಇಳಿಸು, ಇಳಿಸು, ಇಳಿಸು" ಎಂದು ಬಿಡದೆ ಹೇಳುತ್ತಿರಬೇಕು. ಮಾತು ನಿಂತರೆ ಕ್ರೇನ್ ನಿಲ್ಲಬೇಕು. ಬ್ಯಾಟರಿ ಸತ್ತರೂ ಅಪಾಯವಾಗದು. ಆದರೆ "ನಿಲ್ಲಿಸು" ಅನ್ನುವ ಹಕ್ಕು ಮಾತ್ರ ಅಲ್ಲಿರುವ ಎಲ್ಲರದು, ಕಸ ಗುಡಿಸುವವರದೂ.

ಬೆಲ್ಟ್ ಕಟ್ಟುವುದರಲ್ಲಿ ಏನು ನೋಡಬೇಕು?

ಕೋನ. 4 ಟನ್ ಭಾರವನ್ನು ಎರಡು ಬೆಲ್ಟಿನಲ್ಲಿ ಎತ್ತಿದರೆ ಒಂದಕ್ಕೆ 2 ಟನ್ ಅನ್ನಿಸುತ್ತದೆ, ಅಲ್ವಾ? ನೇರವಾಗಿ ನಿಂತರೆ ಮಾತ್ರ. ಅಡ್ಡಗೆರೆಯಿಂದ ಅಳೆದು 60 ಡಿಗ್ರಿ ಕೋನದಲ್ಲಿ 2.3 ಟನ್, 45ರಲ್ಲಿ 2.8, 30ಕ್ಕೆ ಮಲಗಿತೆಂದರೆ ಒಂದೊಂದಕ್ಕೂ ಪೂರಾ 4 ಟನ್. ಜೊತೆಗೆ ಬೆಲ್ಟುಗಳು ಯಂತ್ರದ ಮೈಯನ್ನು ಒಳಕ್ಕೆ ಹಿಸುಕುತ್ತವೆ. ಮೇಲೆ ಸ್ಪ್ರೆಡರ್ ಬೀಮ್ ಹಾಕಿದರೆ ಎರಡೂ ತಪ್ಪುತ್ತದೆ. ಹಳೆಯ ಯಂತ್ರದ ಎತ್ತುವ ಕಿವಿಗಳನ್ನು ನಂಬಬೇಡಿ, ತುಕ್ಕು ಒಳಗಿಂದಲೇ ತಿಂದಿರುತ್ತದೆ. ತಳದಡಿಯಲ್ಲಿ ಬೆಲ್ಟ್ ಹಾಯಿಸಿ, ಚೂಪು ಅಂಚಿಗೆ ಮೆತ್ತೆ ಕೊಡಿ.

ಕತ್ತರಿಸುವಾಗ ಬೆಂಕಿಯ ಭಯವಿದೆಯೇ?

ಬಹಳ. ಅದರಲ್ಲೂ ಕೂಲಿಂಗ್ ಟವರಿನಲ್ಲಿ. ಸದಾ ನೀರು ಸುರಿಯುವ ವಸ್ತುವಿಗೆ ಬೆಂಕಿ ಎಲ್ಲಿಂದ ಎಂದು ನಗುತ್ತಾರೆ. ನೀರು ನಿಲ್ಲಿಸಿ ಒಂದೆರಡು ದಿನ ಆದರೆ ಒಳಗಿನ ಪ್ಲಾಸ್ಟಿಕ್ ಹಾಳೆಗಳೆಲ್ಲ ಒಣಗಿ, ಕೆಳಗಿನಿಂದ ಗಾಳಿ ಎಳೆಯುವ ಚಿಮಣಿಯಾಗುತ್ತದೆ. ಒಂದು ಕಿಡಿ ಸಾಕು. ಹಾಳೆಗಳನ್ನು ಮೊದಲು ತೆಗೆದು ಆಮೇಲೆ ಗ್ಯಾಸ್ ಕಟಿಂಗ್ ಮಾಡಿ, ಆದಲ್ಲೆಲ್ಲ ಬೋಲ್ಟನ್ನು ಗರಗಸದಲ್ಲೇ ಕೊಯ್ಯಿರಿ. ಕೆಲಸ ಮುಗಿದ ಮೇಲೂ ಒಬ್ಬರು ಕನಿಷ್ಠ ಒಂದು ಗಂಟೆ ಅಲ್ಲೇ ಕಾವಲಿರಬೇಕು.

ಅದೇ ಟವರಿನ ಬೆಚ್ಚಗಿನ ಕೆಸರಿನಲ್ಲಿ ಲೀಜನೆಲ್ಲಾ ಬ್ಯಾಕ್ಟೀರಿಯ ಬೆಳೆಯುತ್ತದೆ. 1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಒಂದು ಸಮ್ಮೇಳನಕ್ಕೆ ಬಂದವರಿಗೆ ನ್ಯುಮೋನಿಯ ಹಬ್ಬಿತು, ಅದರ ತನಿಖೆಯಲ್ಲಿ ಇದರ ಪತ್ತೆಯಾಯಿತು. ತುಂತುರಿನ ಜೊತೆ ಉಸಿರಿಗೆ ಹೋಗುತ್ತದೆ. ಬಿಚ್ಚುವ ಮೊದಲು ಔಷಧಿ ಹಾಕಿ ತೊಳೆಯಿರಿ, ಒತ್ತಡದ ನೀರು ಹೊಡೆಯುವವರಿಗೆ ಸರಿಯಾದ ಮಾಸ್ಕ್ ಕೊಡಿ.

ಹಳೆಯ ಏಸಿ ಗ್ಯಾಸನ್ನು ಗಾಳಿಗೆ ಬಿಟ್ಟರೆ ಏನಾಗುತ್ತದೆ?

ಬಿಡಬಾರದು. ಹಳೆಯ ಯಂತ್ರದಲ್ಲಿ ಆರ್-22 ಇರುವ ಸಂಭವ ಜಾಸ್ತಿ. ಓಝೋನ್ ಪದರ ಕೊರೆಯುತ್ತದೆ ಎಂದು 1987ರ ಮಾಂಟ್ರಿಯಲ್ ಒಪ್ಪಂದದಡಿ ಕೈಬಿಡುತ್ತಿರುವ ಗ್ಯಾಸ್ ಅದು. ಭೂಮಿ ಕಾಯಿಸುವುದರಲ್ಲೂ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1,800 ಪಟ್ಟು ಗಟ್ಟಿಗ. ರಿಕವರಿ ಯಂತ್ರದಲ್ಲಿ ಸಿಲಿಂಡರಿಗೆ ಎಳೆಯಬೇಕು, ಸಿಲಿಂಡರನ್ನು ಶೇ. 80ಕ್ಕಿಂತ ಜಾಸ್ತಿ ತುಂಬಬಾರದು. ದೊಡ್ಡ ಚಿಲ್ಲರಾದರೆ ಇದಕ್ಕೇ ಒಂದು ದಿನ ಬೇಕು. ಕ್ರೇನ್ ಬರುವ ಬೆಳಿಗ್ಗೆ ಇದನ್ನು ಶುರು ಮಾಡುವವರೂ ಇದ್ದಾರೆ!

ಉತ್ಪಾದನೆ ಎಷ್ಟು ದಿನ ನಿಲ್ಲುತ್ತದೆ?

ಎತ್ತುವುದು ಅರ್ಧ ಗಂಟೆಯ ಕೆಲಸ. ಪೈಪು, ವೈರು, ಡಕ್ಟು ಕಳಚಿ ಮತ್ತೆ ಸೇರಿಸಿ ಪರೀಕ್ಷೆ ಮಾಡುವುದಕ್ಕೆ ದಿನಗಳು ಬೇಕು. ನಿಲ್ಲಿಸಲಾಗದ ಕಾರ್ಖಾನೆಯಾದರೆ ಬಾಡಿಗೆ ಚಿಲ್ಲರನ್ನು ನೆಲದಲ್ಲಿಟ್ಟು ಹೋಸಿನಿಂದ ತಾತ್ಕಾಲಿಕವಾಗಿ ಜೋಡಿಸಿ. ಅದು ಮೊದಲು ಓಡಲಿ, ಹಳೆಯದನ್ನು ಆಮೇಲೆ ಆಫ್ ಮಾಡಿ. ಗಾಳಿಗೆ ಲಿಫ್ಟ್ ಒಂದು ದಿನ ಮುಂದಕ್ಕೆ ಹೋಗಬಹುದು ಎಂದೇ ವೇಳಾಪಟ್ಟಿ ಹಾಕಿ.

ಹೊಸ ಯಂತ್ರದ ತಳ ಹಳೆಯ ಕಟ್ಟೆಗೆ ಹೊಂದದಿದ್ದರೆ?

ಎರಡರ ನಡುವೆ ಕೂರುವ ಕರ್ಬ್ ಅಡಾಪ್ಟರ್ ಮಾಡಿಸುತ್ತಾರೆ. ಅಳತೆಯನ್ನು ಕ್ಯಾಟಲಾಗಿನಿಂದ ತೆಗೆಯದೆ, ಮೇಲೆ ಹತ್ತಿ ಟೇಪ್ ಹಿಡಿದು ತೆಗೆಯಿರಿ. ಅಡಾಪ್ಟರಿನ ಎತ್ತರ, ತೂಕ ಎರಡೂ ಲೆಕ್ಕಕ್ಕೆ ಸೇರಬೇಕು. ವಾಟರ್‌ಪ್ರೂಫಿಂಗನ್ನು ಕೆಲಸಕ್ಕೆ ಮುಂಚೆ ಫೋಟೋ ಹೊಡೆದಿಡಿ. ಸೋರಿಕೆ ಶುರುವಾದಾಗ "ಮೊದಲೇ ಇತ್ತು", "ನೀವೇ ಮಾಡಿದ್ದು" ಅನ್ನುವ ಜಗಳ ಅಷ್ಟರಮಟ್ಟಿಗೆ ತಪ್ಪುತ್ತದೆ.

ಕೂರಿಸಿದ ತಕ್ಷಣ ಆನ್ ಮಾಡಬಹುದೇ?

ಆತುರ ಬೇಡ. ಸಾಗಣೆಗೆಂದು ಬಿಗಿದ ಬೋಲ್ಟುಗಳನ್ನು ಸಡಿಲಿಸದಿದ್ದರೆ ಕಂಪ್ರೆಸರಿನ ನಡುಕವೆಲ್ಲ ಚಾವಣಿಗೆ ಇಳಿಯುತ್ತದೆ. ಮೂರು ಫೇಸ್‌ಗಳ ಕ್ರಮ ನೋಡಿ, ಸ್ಕ್ರಾಲ್ ಕಂಪ್ರೆಸರ್ ಉಲ್ಟಾ ತಿರುಗಿದರೆ ಗರಗರ ಸದ್ದು ಮಾಡುತ್ತದೆ, ತಂಪು ಮಾಡುವುದಿಲ್ಲ, ಹಾಗೇ ಬಿಟ್ಟರೆ ಹಾಳಾಗುತ್ತದೆ. ಕ್ರ್ಯಾಂಕ್‌ಕೇಸ್ ಹೀಟರನ್ನು (ಕಂಪ್ರೆಸರಿನ ಎಣ್ಣೆ ಬೆಚ್ಚಗಿಡುವುದು) 24 ಗಂಟೆ ಮೊದಲೇ ಹಾಕಿಡುವುದು ವಾಡಿಕೆ.

ಹಳೆಯದನ್ನು ಅಲ್ಲೇ ಬಿಟ್ಟು ಪಕ್ಕದಲ್ಲಿ ಹೊಸದು ಇಟ್ಟರೆ ಆಗದೇ?

ಇಳಿಸುವ ಖರ್ಚು ನೋಡಿದಾಗ ಎಲ್ಲರಿಗೂ ಈ ಆಸೆ ಬರುತ್ತದೆ. ಆದರೆ ಚಾವಣಿ ಎರಡು ಯಂತ್ರದ ಭಾರ ಹೊರಬೇಕು, ಸತ್ತ ಯಂತ್ರದ ತಗಡು ಗಾಳಿಗೆ ಕಿತ್ತು ಹಾರಬಹುದು, ತೊಟ್ಟಿಯಲ್ಲಿ ಮಳೆನೀರು ನಿಂತು ಸೊಳ್ಳೆಯಾಗುತ್ತದೆ. ಮುಂದಿನ ಬಾರಿ ಇಳಿಸಬೇಕಾದದ್ದು ಎರಡು.

ಮುಂದಿನ ಸಲ ಬದಲಿಸುವವರಿಗೆ ಏನು ಬಿಟ್ಟುಹೋಗಬೇಕು?

ಲಿಫ್ಟ್ ಪ್ಲಾನು, ಕ್ರೇನ್ ನಿಂತ ಜಾಗದ ಗುರುತು, ನೆಲದಡಿಯ ನಕ್ಷೆ, ಲೋಡ್ ಸೆಲ್ ತೋರಿಸಿದ ತೂಕ. ಫೈಲು ಕಳೆದುಹೋಗುತ್ತದೆ, ಕಂಪ್ಯೂಟರ್ ಬದಲಾಗುತ್ತದೆ. ಹಾಗಾಗಿ ತೂಕವನ್ನೂ, ಎಷ್ಟು ಬೋಲ್ಟು, ಎಲ್ಲೆಲ್ಲಿ ಅನ್ನುವುದನ್ನೂ ಯಂತ್ರದ ಬಾಗಿಲಿನ ಒಳಮೈಯಲ್ಲಿ ಪೇಂಟಿನಿಂದ ಬರೆದುಬಿಡಿ. ಡಾಂಬರಿನ ಕೆಳಗೆ ಹೋಗುವ ಬೋಲ್ಟ್ ಇದ್ದರೆ ಅದನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ.